ಒಂದೂವರೆ ಕೈ, 11 ವರ್ಷ, ಈಜು ಬಿಟ್ಟು ಬೇರೆ ಮಾತಿಲ್ಲ. ಮುಂದೇನು?

ಹೇಮಾವತಿ ದಂಡೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನನ್ನ ಅಣ್ಣನ ಮಗನಿಗೆ 11 ವರ್ಷ. ಆಲೂರು ಕಡೆ ಹಳ್ಳಿ. ಹುಟ್ಟಿದಾಗಿನಿಂದ ಎಡಗೈ ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಮುಗಿಯುತ್ತೆ. ಅವನ ಲೆಕ್ಕದಲ್ಲಿ ಅವನಿಗೆ ‘ಒಂದೂವರೆ ಕೈ’. ಆರು ವರ್ಷ ಇದ್ದಾಗ ನಮ್ಮಪ್ಪ ಅವನ ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಊರ ಕೆರೆಗೆ ಇಳಿಸಿದರು. ಎರಡು ತಿಂಗಳಿಗೆ ಬುರುಡೆ ಬಿಚ್ಚಿ ಎಸೆದ. ಈಗ ಊರಿನ ಹುಡುಗರು ಯಾರೂ ಅವನನ್ನು ಹಿಡಿಯೋಕೆ ಆಗಲ್ಲ.

ಈ ಸಲ ರಜೆಗೆ ಹಾಸನಕ್ಕೆ ನಮ್ಮ ಮನೆಗೆ ಬಂದಿದ್ದ. ಒಂದು ಈಜುಕೊಳಕ್ಕೆ ಕರೆದುಕೊಂಡು ಹೋದೆ. ಯಾವುದು ಅಂತ ಕೇಳಬೇಡಿ. ಅಲ್ಲಿದ್ದವರು ಅವನ ಕೈ ನೋಡಿ, ‘ಮೇಡಂ, ಏನಾದರೂ ಹೆಚ್ಚುಕಮ್ಮಿ ಆದರೆ ಯಾರು ಜವಾಬ್ದಾರಿ?’ ಅಂದರು. ಈಜು ಬರುತ್ತೆ ಅಂದೆ. ‘ಬರಬಹುದು, ಆದರೂ ಬೇಡ’ ಅಂದರು. ಹುಡುಗ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಅಲ್ಲೇ ನಿಂತಿದ್ದ. ವಾಪಸ್ ಬರುವಾಗ ಆಟೋದಲ್ಲಿ ಒಂದು ಮಾತಾಡಲಿಲ್ಲ.

ರಾತ್ರಿ ಫೋನಿನಲ್ಲಿ ಬೆಂಗಳೂರಿನ ಪ್ಯಾರಾ ಈಜುಗಾರ (ಅಂದರೆ ನ್ಯೂನತೆ ಇರೋರ ಸ್ಪರ್ಧೆಯಲ್ಲಿ ಈಜೋರು) ಶರತ್ ಗಾಯಕ್ವಾಡ್ ಅವರ ವಿಡಿಯೋ ಹುಡುಕಿ ತೋರಿಸಿದೆ. ಅವರಿಗೂ ಎಡಗೈಯಲ್ಲೇ ತೊಂದರೆ. ಹುಡುಗ ಅದನ್ನೇ ಏಳೆಂಟು ಸಲ ನೋಡಿದ. ಆಮೇಲೆ ‘ಅತ್ತೆ, ಇವರು ಯಾವ ಕೆರೆಯಲ್ಲಿ ಕಲಿತಿದ್ದು?’ ಅಂತ ಕೇಳಿದ.

ನನ್ನ ಪ್ರಶ್ನೆ ಇಷ್ಟೇ. ಆ ದಾರಿ ಹೇಗಿರುತ್ತೆ? ಹಾಸನದಲ್ಲಿದ್ದುಕೊಂಡೇ ಆಗುತ್ತಾ, ಬೆಂಗಳೂರಿಗೆ ಕಳಿಸಲೇಬೇಕಾ? ಅಣ್ಣನಿಗೆ ಇದೆಲ್ಲ ಇಷ್ಟ ಇಲ್ಲ. ‘ಓದಲಿ, ಕೈ ಇಲ್ಲದವನಿಗೆ ಕೆಲಸ ಮುಖ್ಯ’ ಅಂತಾನೆ.

ಸಕಲೇಶಪುರ ಪ್ಯಾಸೆಂಜರ್
ನಿಮ್ಮ ತಂದೆಯವರಿಗೆ ಒಂದು ದೊಡ್ಡ ನಮಸ್ಕಾರ. ಸೋರೆಬುರುಡೆ ಅನ್ನೋ ಪದ ಕೇಳಿ ಇಪ್ಪತ್ತು ವರ್ಷ ಆಗಿತ್ತು!

ಕಾಫಿ ಕುಡುಕ
ದೇವರು ಒಂದು ಕಿತ್ಕೊಂಡರೆ ಇನ್ನೊಂದು ಕೊಡ್ತಾನೆ ಅನ್ನೋದು ಇದಕ್ಕೇ. ಶರತ್ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು. ಮನಸ್ಸಿದ್ದರೆ ಮಾರ್ಗ. ಪಾಪ, ಆ ಮಗುವಿಗೆ ಒಳ್ಳೆಯದಾಗಲಿ 🙏

ಲೇನ್ ನಾಲ್ಕು
ಕಾಫಿಯವರೇ, ತಪ್ಪು ಮಾಹಿತಿ ಹಾಕಬೇಡಿ. ಶರತ್ 2012ರಲ್ಲಿ ಲಂಡನ್‌ಗೆ ಹೋಗಿದ್ದು ನಿಜ. ಪದಕ ಬರಲಿಲ್ಲ. ಅವರ ದೊಡ್ಡ ಸಾಧನೆ 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಗೇಮ್ಸ್. ಅಲ್ಲಿ ಒಂದೇ ಕೂಟದಲ್ಲಿ 6 ಪದಕ. 200 ಮೀಟರ್ ವೈಯಕ್ತಿಕ ಮೆಡ್ಲೆಯಲ್ಲಿ (ನಾಲ್ಕೂ ಬಗೆಯ ಈಜು ಒಂದರ ಹಿಂದೆ ಒಂದು) ಬೆಳ್ಳಿ, ಉಳಿದ ಐದು ಕಂಚು. ಅದಕ್ಕೂ ಮೊದಲು 2010ರಲ್ಲಿ ಗುವಾಂಗ್‌ಝೌನಲ್ಲಿ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕಂಚು ತಂದಿದ್ದರು.

ಇಂಚಿಯಾನ್ ಆದಮೇಲೆ ಪೇಪರಿನವರು ಪಿ.ಟಿ. ಉಷಾ ದಾಖಲೆ ಮುರಿದರು ಅಂತ ಬರೆದರು. ಉಷಾ 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ 5 ಪದಕ ತಂದಿದ್ದರು.

ಕಾಫಿ ಕುಡುಕ
ಸರಿ ಸರಿ, ಚಿನ್ನ ಅಂದಿದ್ದು ತಪ್ಪು. ಆದರೆ ಉಷಾಗಿಂತ ಜಾಸ್ತಿ ಅಂದರೆ ಕಮ್ಮಿ ಮಾತಲ್ಲ ಅಲ್ವಾ?

ಬೇಲೂರಿನವಳು
ಉಷಾ 4 ಚಿನ್ನ 1 ಬೆಳ್ಳಿ. ಇವರದ್ದು 1 ಬೆಳ್ಳಿ 5 ಕಂಚು. ಕೂಟವೂ ಬೇರೆ, ಆಟವೂ ಬೇರೆ. ರಾಗಿನೂ ಭತ್ತನೂ ಒಂದೇ ಸೇರಲ್ಲಿ ಅಳೆಯೋದು ಯಾಕೆ? ಹಾಗೆ ಹೋಲಿಸಿದರೆ ಇಬ್ಬರಿಗೂ ಅವಮಾನ. ಒಂದೇ ಕೂಟದಲ್ಲಿ ಆರು ಸಲ ಮೊದಲ ಮೂರರೊಳಗೆ ಬಂದರು, ಅಷ್ಟು ಹೇಳಿದರೆ ಸಾಕಿತ್ತು. ಪೇಪರಿನವರಿಗೆ ತಲೆಬರಹ ಬೇಕು, ಅಷ್ಟೇ.

ಊರುಗೋಲು
ಚಿಕ್ಕಮಗಳೂರಿನಿಂದ. ನನಗೆ ಬಲಗಾಲು ಪೋಲಿಯೋ. ಕಾಲೇಜು ದಿನಗಳಲ್ಲಿ ರಾಜ್ಯ ಮಟ್ಟದವರೆಗೆ ಈಜಿದ್ದೇನೆ. ಈಗ ಬ್ಯಾಂಕು, ಹೊಟ್ಟೆ, ಮೊಮ್ಮಗಳು.

ಕಾಫಿಯವರೇ, ಜಗಳಕ್ಕೆ ಬರ್ತಿಲ್ಲ. ಆದರೆ ಆ ‘ಪಾಪ’ ತೆಗೆದುಬಿಡಿ. ನಾನು 100 ಮೀಟರ್ ಮುಗಿಸಿ ಮೇಲೆ ಬಂದರೆ ಜನ ಕೇಳುತ್ತಿದ್ದದ್ದು ‘ಕಾಲು ನೋಯಲ್ವಾ ಪಾಪ’ ಅಂತ. ಎಷ್ಟು ಸೆಕೆಂಡ್ ಆಯ್ತು ಅಂತ ಒಬ್ಬರೂ ಕೇಳಿದ್ದಿಲ್ಲ. ನನ್ನ ಮೇಷ್ಟ್ರು ಒಬ್ಬರೇ ಸ್ಟಾಪ್‌ವಾಚ್ ತೋರಿಸಿ ‘ಕೊನೆ 15 ಮೀಟರ್ ನಿದ್ದೆ ಮಾಡಿದ್ಯಾ?’ ಅಂತ ಬೈಯುತ್ತಿದ್ದರು. ಆ ಬೈಗುಳಕ್ಕೆ ನಾನು ಇವತ್ತಿಗೂ ಋಣಿ.

ಇನ್ನೊಂದು ಸಂಗತಿ. ಯಾರೂ ಯೋಚಿಸದೇ ಇರೋದು. ಕೊಳದ ಸುತ್ತ ನೆಲ ಒದ್ದೆ. ಊರುಗೋಲು ಜಾರುತ್ತೆ. ನೀರಿಗಿಳಿದ ಮೇಲೆ ಅದನ್ನು ಎಲ್ಲಿಡೋದು? ಅಂಚಿನಲ್ಲಿಟ್ಟರೆ ಚಿಕ್ಕ ಹುಡುಗರು ಎತ್ತಿಕೊಂಡು ಬಂದೂಕು ಆಟ ಆಡ್ತಾರೆ. ಒಂದು ದಿನ ಈಜಿ ಮುಗಿಸಿ ನೋಡಿದರೆ ನನ್ನ ಕೋಲೇ ಇಲ್ಲ. ಮುಕ್ಕಾಲು ಗಂಟೆ ನೀರಲ್ಲೇ ನಿಂತೆ. ಚಿಕ್ಕಮಗಳೂರು, ಡಿಸೆಂಬರ್, ಬೆಳಗ್ಗೆ ಏಳು. ಹಲ್ಲು ಕಟಕಟ. ಕೊನೆಗೆ ಅದು ಸಿಕ್ಕಿದ್ದು ಬಟ್ಟೆ ಬದಲಿಸೋ ಕೋಣೆಯ ಬಾಗಿಲಿಗೆ ಅಗುಳಿ ಹಾಕಿದ ಹಾಗೆ ಸಿಗಿಸಿದ್ದರು 😂

ಈಗ ನಗು ಬರುತ್ತೆ. ಆವತ್ತು ಅಳು ಬಂದಿತ್ತು.

ಕಾಫಿ ಕುಡುಕ
ಕ್ಷಮಿಸಿ ಸರ್. ಒಳ್ಳೆ ಮನಸ್ಸಿನಿಂದಲೇ ಅಂದಿದ್ದು. ಪಾಪ ವಾಪಸ್ ತಗೊಂಡೆ.

ನಿವೃತ್ತ ಪಿಟಿ ಮೇಷ್ಟ್ರು
ಹೇಮಾವತಿಯವರೇ, ಶರತ್ ಕತೆಯಲ್ಲಿ ನನಗೆ ಮುಖ್ಯ ಅನ್ನಿಸೋದು ಪದಕ ಅಲ್ಲ, ಶುರು. ಅವರ ಶಾಲೆಯಲ್ಲಿ ಈಜು ಪಾಠದಷ್ಟೇ ಕಡ್ಡಾಯ ಇತ್ತು. ಆಗ ಒಂಬತ್ತು ವರ್ಷ. ಮನೆಯವರಿಗೆ ಮೊದಲು ಅಂಜಿಕೆ ಇತ್ತಂತೆ. ಶಾಲೆಯವರು ಎಲ್ಲ ಮಕ್ಕಳ ಜೊತೆ ಇವರನ್ನೂ ನೀರಿಗೆ ಇಳಿಸಿದರು. ಅಲ್ಲಿಂದ ಮುಂದೆ ಜಾನ್ ಕ್ರಿಸ್ಟೋಫರ್ ಅನ್ನೋ ಕೋಚ್ ಕೈಗೆ ಸಿಕ್ಕರು. ಇವರು ಅಂತಲ್ಲ, ನಿರಂಜನ್ ಮುಕುಂದನ್ ಕೂಡ ಅವರ ಶಿಷ್ಯರೇ. ನಿರಂಜನ್‌ಗೆ ಹುಟ್ಟಿನಿಂದ ಬೆನ್ನುಹುರಿಯ ತೊಂದರೆ. ಡಾಕ್ಟರು ಕಾಲಿಗೆ ಬಲ ಬರಲಿ ಅಂತ ನೀರಿಗೆ ಇಳಿಸಿ ಅಂದರು. ಅದೇ ಹುಡುಗ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಬಟರ್‌ಫ್ಲೈ ಫೈನಲ್ ಈಜಿದರು. ಎಂಟನೆಯವರಾಗಿ ಮುಗಿಸಿದರು.

ಅಂದರೆ ಬೇಕಾಗಿದ್ದು ಮೂರೇ. ನೀರು, ಬೇಡ ಅನ್ನದ ಶಾಲೆ, ಇದರ ಒಳಹೊರಗು ಗೊತ್ತಿರೋ ಮೇಷ್ಟ್ರು. ನಮ್ಮ ಕಡೆ ಮೊದಲನೆಯದು ಬೇಕಾದಷ್ಟಿದೆ. ಉಳಿದ ಎರಡಕ್ಕೇ ಬರ.

ಸಕಲೇಶಪುರ ಪ್ಯಾಸೆಂಜರ್
ಮೇಷ್ಟ್ರೇ, ಹಾಸನಕ್ಕೆ ಬರ ಅನ್ನಬೇಡಿ. 2012ರ ಲಂಡನ್‌ನಲ್ಲಿ ಭಾರತಕ್ಕೆ ಬಂದಿದ್ದು ಒಂದೇ ಪದಕ. ಅದು ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್ ಅವರದ್ದು. ಹೈಜಂಪ್, 1.74 ಮೀಟರ್, ಬೆಳ್ಳಿ. ಆಮೇಲೆ ಸುಹಾಸ್ ಯತಿರಾಜ್, ಹುಟ್ಟಿದ್ದು ಹಾಸನ, ಐಎಎಸ್ ಅಧಿಕಾರಿ. ಬ್ಯಾಡ್ಮಿಂಟನ್‌ನಲ್ಲಿ ಟೋಕಿಯೊದಲ್ಲೂ ಬೆಳ್ಳಿ, ಪ್ಯಾರಿಸ್‌ನಲ್ಲೂ ಬೆಳ್ಳಿ. ನಮ್ಮ ಮಣ್ಣಲ್ಲೇ ಏನೋ ಇದೆ ಕಣ್ರೀ.

ಮೂಡಿಗೆರೆ ಮಳೆ
ಅಯ್ಯೋ ಮಾರಾಯ್ರೆ, ಚಿಕ್ಕಮಗಳೂರನ್ನ ಬಿಡಬೇಡಿ. ರಕ್ಷಿತಾ ರಾಜು ನಮ್ಮ ಜಿಲ್ಲೆಯ ಹುಡುಗಿ. ಕಣ್ಣು ಕಾಣಲ್ಲ, 1500 ಮೀಟರ್ ಓಟದಲ್ಲಿ ಏಷ್ಯನ್ ಪ್ಯಾರಾ ಗೇಮ್ಸ್ ಚಿನ್ನ. 2018ರಲ್ಲಿ ಜಕಾರ್ತ, ಆಮೇಲೆ ಹಾಂಗ್‌ಝೌ. ಹಾಸನದವರಿಗೆ ಬೆಳ್ಳಿ, ನಮಗೆ ಚಿನ್ನ. ಲೆಕ್ಕ ಸರಿಯಾಗಿರಲಿ 😎

ಬೇಲೂರಿನವಳು
ಶುರುವಾಯ್ತು ಜಿಲ್ಲಾ ಜಗಳ. ಮಣ್ಣಲ್ಲಿದೆ ಅಂತೀರಲ್ಲ ಪ್ಯಾಸೆಂಜರ್ ಅವರೇ, ಆ ಮಣ್ಣಿನ ಹುಡುಗನನ್ನೇ ತಾನೇ ಕೊಳದ ಬಾಗಿಲಿಂದ ವಾಪಸ್ ಕಳಿಸಿದ್ದು?

ಸಕಲೇಶಪುರ ಪ್ಯಾಸೆಂಜರ್
ಒಪ್ಪಿದೆ. ಮಾತಿಲ್ಲ.

ಲೇನ್ ನಾಲ್ಕು
ವಿಷಯಕ್ಕೆ ಬರೋಣ. ನಾನು ಕೆಲವು ಸ್ಪರ್ಧೆಗಳಲ್ಲಿ ಸಮಯ ಬರೆಯೋ ಕೆಲಸ ಮಾಡಿದ್ದೇನೆ, ಹಾಗಾಗಿ ಸ್ವಲ್ಪ ಗೊತ್ತು.

ಪ್ಯಾರಾ ಈಜಿನಲ್ಲಿ ವರ್ಗ ಅಂತ ಇರುತ್ತೆ. ದೈಹಿಕ ನ್ಯೂನತೆಗೆ ಎಸ್1ರಿಂದ ಎಸ್10. ನಂಬರ್ ಕಮ್ಮಿ ಇದ್ದಷ್ಟೂ ತೊಂದರೆ ಜಾಸ್ತಿ. ದೃಷ್ಟಿ ದೋಷಕ್ಕೆ ಎಸ್11ರಿಂದ 13, ಬೌದ್ಧಿಕ ನ್ಯೂನತೆಗೆ ಎಸ್14. ಇದು ಫ್ರೀಸ್ಟೈಲ್, ಬ್ಯಾಕ್, ಬಟರ್‌ಫ್ಲೈಗೆ. ಬ್ರೆಸ್ಟ್‌ಸ್ಟ್ರೋಕ್‌ಗೆ ಬೇರೆ, ಎಸ್‌ಬಿ ಅಂತ. ಯಾಕಂದರೆ ಅದರಲ್ಲಿ ಕಾಲಿನ ಒದೆತಕ್ಕೆ ಬೆಲೆ ಜಾಸ್ತಿ. ಕೈ ಇಲ್ಲದವನಿಗೂ ಕಾಲಿಲ್ಲದವನಿಗೂ ಅಲ್ಲಿ ನಷ್ಟ ಬೇರೆ ಬೇರೆ. ಮೆಡ್ಲೆಗೆ ಎಸ್‌ಎಂ. ಶರತ್ ಎಸ್8, ಎಸ್‌ಬಿ8, ಎಸ್‌ಎಂ8ರಲ್ಲಿ ಈಜಿದವರು.

ವರ್ಗ ಕೊಡೋದು ಹೇಗೆ? ಮೊದಲು ಮಂಚದ ಮೇಲೆ ಮಲಗಿಸಿ ಕೈಕಾಲಿನ ಬಲ, ಅಳತೆ, ಚಲನೆ ನೋಡ್ತಾರೆ. ಆಮೇಲೆ ನೀರಿಗೆ ಇಳಿಸಿ ನೋಡ್ತಾರೆ. ಆಮೇಲೆ ಸ್ಪರ್ಧೆಯಲ್ಲೂ ಕಣ್ಣಿಟ್ಟಿರ್ತಾರೆ. ಆಸ್ಪತ್ರೆಯ ಸರ್ಟಿಫಿಕೇಟಿನಲ್ಲಿ 50 ಪರ್ಸೆಂಟ್, 70 ಪರ್ಸೆಂಟ್ ಅಂತ ಇರುತ್ತಲ್ಲ, ಅದಕ್ಕೂ ಇದಕ್ಕೂ ನೇರ ಸಂಬಂಧ ಇಲ್ಲ. ಆದರೂ ಯುಡಿಐಡಿ ಕಾರ್ಡ್ (ವಿಕಲಚೇತನರಿಗೆ ಸರ್ಕಾರ ಕೊಡೋ ಗುರುತಿನ ಚೀಟಿ) ಮಾಡಿಸಿಟ್ಟಿರಿ. ಎಲ್ಲ ಕಡೆ ಮೊದಲು ಅದನ್ನೇ ಕೇಳೋದು.

ಮೂಡಿಗೆರೆ ಮಳೆ
ಒಂದು ದಡ್ಡ ಪ್ರಶ್ನೆ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎರಡೂ ಕೈಯಲ್ಲಿ ಒಟ್ಟಿಗೆ ಗೋಡೆ ಮುಟ್ಟಬೇಕಲ್ಲ? ಒಂದು ಕೈ ಗಿಡ್ಡ ಇದ್ದರೆ ಏನು ಗತಿ? ಮೂಗು ಗೋಡೆಗೆ ಹೊಡೆಯಲ್ವಾ?

ಲೇನ್ ನಾಲ್ಕು
ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ನಿಯಮದಲ್ಲೇ ಇದೆ. ಕೈಗಳ ಉದ್ದ ಬೇರೆ ಬೇರೆ ಇದ್ದರೆ ಉದ್ದದ ಕೈ ಮುಟ್ಟಿದರೆ ಸಾಕು. ಆದರೆ ಎರಡೂ ಕೈಯನ್ನು ಒಟ್ಟಿಗೆ ಮುಂದಕ್ಕೆ ಚಾಚಿರಬೇಕು. ಗಿಡ್ಡ ಕೈಯನ್ನು ಎದೆಯ ಕೆಳಗೆ ಮಡಚಿಟ್ಟುಕೊಂಡರೆ ಅನರ್ಹ.

ಕೈಗಳೇ ಇಲ್ಲದವರು ಮೈಯ ಮೇಲ್ಭಾಗದಿಂದ ಮುಟ್ಟಬಹುದು. ಚೀನಾದ ಝೆಂಗ್ ಟಾವ್ ಅನ್ನೋರಿಗೆ ಎರಡೂ ಕೈ ಇಲ್ಲ. ತಲೆಯಲ್ಲೇ ಗೋಡೆಗೆ ಗುದ್ದಿ ಮುಗಿಸ್ತಾರೆ. ಟೋಕಿಯೊದಲ್ಲಿ 4 ಚಿನ್ನ. ಬ್ಯಾಕ್‌ಸ್ಟ್ರೋಕ್ ಶುರುವಿನಲ್ಲಿ ಹಿಡಿ ಹಿಡಿಯೋಕೆ ಕೈ ಬೇಕಲ್ಲ, ಅಂಥವರು ಟವೆಲನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿರ್ತಾರೆ. ಇನ್ನೊಂದು ತುದಿ ಮೇಲೆ ನಿಂತವರ ಕೈಯಲ್ಲಿ. ಪೂರ್ತಿ ಕಣ್ಣು ಕಾಣದವರಿಗೆ ಗೋಡೆ ಹತ್ತಿರ ಬಂತು ಅಂತ ತಿಳಿಸೋಕೆ ಕೋಲಿನ ತುದಿಗೆ ಮೆತ್ತನೆ ಉಂಡೆ ಕಟ್ಟಿ ತಲೆಗೋ ಬೆನ್ನಿಗೋ ತಟ್ಟುತ್ತಾರೆ. ತಟ್ಟುವವನು ಅರೆ ಸೆಕೆಂಡ್ ತಡ ಮಾಡಿದರೆ ತಿರುವು ಹೋಯ್ತು.

ನಮ್ಮವರಿಗೂ ನಿಯಮದ ಬಿಸಿ ತಟ್ಟಿದೆ. ಸೊಲ್ಲಾಪುರ ಕಡೆಯ ಸುಯಶ್ ಜಾಧವ್, ಕರೆಂಟ್ ಹೊಡೆದು ಎರಡೂ ಕೈ ಕಳೆದುಕೊಂಡವರು. ಟೋಕಿಯೊದಲ್ಲಿ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಈಜಿದರು, ನಿಯಮ ತಪ್ಪಿತು ಅಂತ ಅನರ್ಹ ಆದರು. ಅಷ್ಟು ದೂರ ಹೋಗಿ. ಅದಕ್ಕೇ ಹೇಳೋದು, ಈಜು ಬಂದರೆ ಸಾಲದು, ನಿಯಮ ಕಲಿಸೋರು ಬೇಕು.

ಹೇಮಾವತಿ ದಂಡೆ
ಅಬ್ಬಾ, ಇಷ್ಟೆಲ್ಲ ಇದೆಯಾ? ನಾನು ಸುಮ್ನೆ ಬೇಗ ಈಜಿದರೆ ಆಯ್ತು ಅಂದುಕೊಂಡಿದ್ದೆ. ಓದಿ ಹೇಳಿದೆ. ಟವೆಲ್ ಕಚ್ಚೋದು ಕೇಳಿ ಹುಡುಗ ಈಗ ಮಂಚದ ಕಾಲಿಗೆ ಟವೆಲ್ ಕಟ್ಟಿ ಹಲ್ಲಲ್ಲಿ ಎಳೀತಿದ್ದಾನೆ. ಅವನಿಗೆ ಅದು ಬೇಕಾಗಿಯೇ ಇಲ್ಲ!

ಇತಿಹಾಸದ ಹುಳ
ಒಂದು ತಿದ್ದುಪಡಿ. ಎಲ್ಲ ಕಡೆ ಶರತ್ ಪ್ಯಾರಾಲಿಂಪಿಕ್ಸ್‌ಗೆ ಹೋದ ಮೊದಲ ಭಾರತೀಯ ಈಜುಗಾರ ಅಂತ ಬರೀತಾರೆ. ಹಾಗಾದರೆ ಮುರಳೀಕಾಂತ್ ಪೇಟ್ಕರ್ ಎಲ್ಲಿ ಹೋದರು?

ಸಾಂಗ್ಲಿ ಕಡೆಯವರು. ಸೈನ್ಯದಲ್ಲಿ ಬಾಕ್ಸಿಂಗ್ ಆಡ್ತಿದ್ದರು. 1965ರ ಯುದ್ಧದಲ್ಲಿ ಮೈಯೆಲ್ಲ ಗುಂಡು, ಒಂದು ಗುಂಡು ಬೆನ್ನುಹುರಿಗೆ. ಸೊಂಟದ ಕೆಳಗೆ ಸ್ವಾಧೀನ ಹೋಯ್ತು. ಚಿಕಿತ್ಸೆ ಅಂತ ಈಜು ಶುರು ಮಾಡಿದರು. 1972, ಜರ್ಮನಿಯ ಹೈಡೆಲ್‌ಬರ್ಗ್. 50 ಮೀಟರ್ ಫ್ರೀಸ್ಟೈಲ್, 37.33 ಸೆಕೆಂಡ್, ಚಿನ್ನ. ಒಲಿಂಪಿಕ್ಸ್ ಪ್ಯಾರಾಲಿಂಪಿಕ್ಸ್ ಎರಡೂ ಸೇರಿಸಿದರೂ ವೈಯಕ್ತಿಕ ಚಿನ್ನ ತಂದ ಮೊದಲ ಭಾರತೀಯ ಅವರೇ. ಅಭಿನವ್ ಬಿಂದ್ರಾ 2008. ನಡುವೆ 36 ವರ್ಷ.

ಪದ್ಮಶ್ರೀ ಕೊಟ್ಟಿದ್ದು ಯಾವಾಗ? 2018. ಲೆಕ್ಕ ಹಾಕಿ, 46 ವರ್ಷ. ಅವರ ಮೇಲೆ ಹಿಂದಿ ಸಿನಿಮಾ ಬಂದ ಮೇಲೆ ಜನಕ್ಕೆ ಹೆಸರು ಗೊತ್ತಾಯ್ತು. ಈಜಿನಲ್ಲಿ ಪ್ಯಾರಾಲಿಂಪಿಕ್ ಪದಕ ಅಂತ ನಮ್ಮ ಹತ್ತಿರ ಇರೋದು ಇವತ್ತಿಗೂ ಅದೊಂದೇ.

ಲೇನ್ ನಾಲ್ಕು
ನೀವು ಹೇಳಿದ್ದು ಸರಿ. ಶರತ್ ಬಗ್ಗೆ ಹೇಳಬೇಕಾದ್ದು, ನಿಗದಿ ಮಾಡಿದ ಅರ್ಹತಾ ಸಮಯ ಮುಟ್ಟಿ ಹೋದ ಮೊದಲ ಭಾರತೀಯ ಈಜುಗಾರ ಅಂತ. ಪೇಟ್ಕರ್ ಕಾಲದಲ್ಲಿ ಪದ್ಧತಿಯೇ ಬೇರೆ ಇತ್ತು.

ಬೇಲೂರಿನವಳು
46 ವರ್ಷ! ನಮ್ಮಲ್ಲಿ ವಿಧವಾ ವೇತನ ಇದಕ್ಕಿಂತ ಬೇಗ ಬರುತ್ತೆ.

ಕಾಫಿ ಕುಡುಕ
ಬರಲ್ಲ ಅಕ್ಕ. ನಮ್ಮತ್ತೆಯದ್ದು ಇನ್ನೂ ಬಂದಿಲ್ಲ.

ತೋಟದ ಲೆಕ್ಕ
ಎಲ್ಲರೂ ಹೊಗಳಿದ್ದು ಆಯ್ತು. ನಾನು ಹುಡುಗನ ಅಪ್ಪನ ಪರ. ಬೈಯಬೇಡಿ.

ಎಷ್ಟು ಜನಕ್ಕೆ ಇದು ಹೊಟ್ಟೆಗೆ ಹಾಕುತ್ತೆ? ಶರತ್‌ಗೆ ಬೆಂಗಳೂರಲ್ಲಿ ಮನೆ, ಈಜು ಕಲಿಸೋ ಶಾಲೆ, ಆಮೇಲೆ ಗೋಸ್ಪೋರ್ಟ್ಸ್ ಫೌಂಡೇಶನ್ ಥರದವರ ನೆರವು. ಆಲೂರಿನ ಹುಡುಗನಿಗೆ ಏನಿದೆ? ಹನ್ನೊಂದು ವರ್ಷಕ್ಕೆ ಮನೆ ಬಿಡಿಸಿ ಹಾಸ್ಟೆಲಿಗೆ ಹಾಕಿ, ಹದಿನೆಂಟಕ್ಕೆ ಆಗಲಿಲ್ಲ ಅಂದರೆ? ಓದೂ ಇಲ್ಲ, ಪದಕವೂ ಇಲ್ಲ. ನನ್ನ ತಮ್ಮ ಕಬಡ್ಡಿ ಅಂತ ಹೋದ. ಈಗ ನಲವತ್ತು, ಮಂಡಿ ಸವೆದಿದೆ, ತೋಟದಲ್ಲಿ ಪಂಪ್ ನೋಡ್ಕೊಂಡಿದ್ದಾನೆ. ಅವನಿಗೆ ಎರಡು ಕೈಯೂ ಇದೆ.

ಊರುಗೋಲು
ಬೈಯಲ್ಲ. ನೀವು ಹೇಳಿದ್ದರಲ್ಲಿ ಮುಕ್ಕಾಲು ನಿಜ. ನನಗೂ ಪದಕ ಊಟ ಹಾಕಲಿಲ್ಲ. ಬ್ಯಾಂಕ್ ಪರೀಕ್ಷೆ ಬರೆದೇ ಕೆಲಸ ಸಿಕ್ಕಿದ್ದು.

ಆದರೆ ಬ್ಯಾಂಕಿನ ಸಂದರ್ಶನದ ಕೋಣೆಗೆ ನಾನು ಮೂರು ಮಹಡಿ ಹತ್ತಿ ಹೋಗಿದ್ದೆ. ಲಿಫ್ಟ್ ಕೆಟ್ಟಿತ್ತು. ಕೊಳದಲ್ಲಿ ದಿನಾ ಕೈಯಲ್ಲಿ ಮೈ ಎಳೆದು ಎಳೆದು ಹೆಗಲು ಗಟ್ಟಿಯಾಗಿತ್ತು, ಅದಕ್ಕೇ ಹತ್ತಿದೆ. ನನ್ನ ಜೊತೆ ಬಂದಿದ್ದ ಇನ್ನೊಬ್ಬ ಪೋಲಿಯೋ ಹುಡುಗ ಮೊದಲ ಮಹಡಿಯಲ್ಲೇ ಕೂತುಬಿಟ್ಟ. ಅವನು ನನಗಿಂತ ಬುದ್ಧಿವಂತ, ಸುಳ್ಳಲ್ಲ. ನಾನು ಇಳಿದು ಬಂದಾಗಲೂ ಅಲ್ಲೇ ಕೂತಿದ್ದ.

ತೋಟದ ಲೆಕ್ಕ
ಸರ್, ಇದಕ್ಕೆ ಏನು ಹೇಳಲಿ. ಲಿಫ್ಟ್ ಕೆಡಿಸಿಟ್ಟೋರನ್ನು ಬೈಯಬೇಕು.

ಇತಿಹಾಸದ ಹುಳ
ತೋಟದವರ ಮಾತಿಗೆ ಒಂದು ಸೇರಿಸ್ತೀನಿ. ಪ್ಯಾರಾ ಈಜಿನಲ್ಲಿ ತಡವಾಗಿ ಶುರು ಮಾಡಿದವರೂ ಇದ್ದಾರೆ. ಬ್ರೆಜಿಲ್‌ನ ಡೇನಿಯಲ್ ಡಯಾಸ್ ಹದಿಹರೆಯದಲ್ಲಿ ಟಿವಿಯಲ್ಲಿ 2004ರ ಅಥೆನ್ಸ್ ಕೂಟ ನೋಡಿದರು. ಅವರದೇ ದೇಶದ ಕ್ಲೋಡೋಆಲ್ಡೊ ಸಿಲ್ವಾ ಈಜೋದನ್ನು ಕಂಡು, ಇಂಥದ್ದೊಂದು ಇದೆ ಅಂತ ಗೊತ್ತಾಗಿದ್ದೇ ಆಗ. ಆಮೇಲೆ ನೀರಿಗಿಳಿದು 27 ಪ್ಯಾರಾಲಿಂಪಿಕ್ ಪದಕ ತಂದರು, 14 ಚಿನ್ನ. ಹಾಗಾಗಿ 11ಕ್ಕೇ ಮನೆ ಬಿಡಿಸಬೇಕು ಅಂತೇನಿಲ್ಲ. ಅಮೆರಿಕದ ಜೆಸ್ಸಿಕಾ ಲಾಂಗ್ 12ಕ್ಕೇ ಅಥೆನ್ಸ್‌ನಲ್ಲಿ 3 ಚಿನ್ನ ಗೆದ್ದಳು, ಅದೂ ನಿಜ. ಎರಡೂ ದಾರಿ ಇವೆ.

ಸಕಲೇಶಪುರ ಪ್ಯಾಸೆಂಜರ್
ದಕ್ಷಿಣ ಆಫ್ರಿಕಾದ ಒಬ್ಬರು ಒಂದು ಕಾಲಿಲ್ಲದೆ ಮಾಮೂಲಿ ಒಲಿಂಪಿಕ್ಸ್‌ಗೇ ಹೋಗಿದ್ದರಲ್ಲ?

ಇತಿಹಾಸದ ಹುಳ
ನಟಾಲಿ ಡು ಟಾಯ್ಟ್. 17ರಲ್ಲಿ ಸ್ಕೂಟರ್ ಅಪಘಾತ, ಎಡಗಾಲು ಹೋಯ್ತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 10 ಕಿಲೋಮೀಟರ್ ತೆರೆದ ನೀರಿನ ಈಜು. 16ನೇ ಸ್ಥಾನ. ಅವಳ ಹಿಂದೆ ಬಂದವರಿಗೆಲ್ಲ ಎರಡೆರಡು ಕಾಲು.

ಮೂಡಿಗೆರೆ ಮಳೆ
ತೆರೆದ ನೀರು ಅಂದರೆ ನಮ್ಮ ಕೆರೆ ಈಜೇ ತಾನೇ? ಹಂಗಾದ್ರೆ ಆಲೂರಿನ ಹುಡುಗನಿಗೆ ಅದೇ ಸರಿ. ಪಕ್ಕದಲ್ಲೇ ಕೃಷಿ ಹೊಂಡ ಇದ್ದರೆ ದಿನಾ ಅಲ್ಲೇ ಅಭ್ಯಾಸ ಮಾಡಲಿ.

ನಿವೃತ್ತ ಪಿಟಿ ಮೇಷ್ಟ್ರು
ಬೇಡ! ಕೃಷಿ ಹೊಂಡ ಬೇಡವೇ ಬೇಡ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿರ್ತಾರೆ. ಪಾಚಿ ಕಟ್ಟಿದರೆ ಎಣ್ಣೆ ಸವರಿದ ಹಾಗೆ. ಎಂಥ ಈಜುಗಾರನೂ ಮೇಲೆ ಹತ್ತೋಕೆ ಆಗಲ್ಲ. ಒಂದೂವರೆ ಕೈಯವನಿಗಂತೂ ಹಿಡಿಯೋಕೇ ಏನೂ ಇಲ್ಲ. ಅಭ್ಯಾಸಕ್ಕೆ ಇರಲಿ ಅಂತ ಹೊಂಡಕ್ಕೆ ಬಿಟ್ಟ ಮನೆಗಳ ಗೋಳು ನೋಡಿದ್ದೇನೆ. ಹೇಮಾವತಿ ನಾಲೆಯೂ ಬೇಡ, ಸೆಳೆತ ಮೇಲಿಂದ ಕಾಣಲ್ಲ.

ಇನ್ನು ಅಭ್ಯಾಸದ ಮಾತು. ಒಂದು ಕೈ ಗಿಡ್ಡ ಇದ್ದರೆ ಮೈ ಒಂದು ಕಡೆಗೆ ತಿರುಗುತ್ತೆ. ಉದ್ದ ಕೈ ಎಳೆದಾಗ ದೋಣಿಗೆ ಒಂದೇ ಹುಟ್ಟು ಹಾಕಿದ ಹಾಗೆ. ಅದನ್ನು ಸರಿಮಾಡೋದು ಕಾಲಿನ ಒದೆತ, ಸೊಂಟದ ಬಿಗಿ. ಕೆರೆಯಲ್ಲಿ ಕಲಿತ ಮಕ್ಕಳು ತಲೆ ಎತ್ತಿ ಈಜ್ತಾರೆ, ಕಾಲು ಮುಳುಗುತ್ತೆ. ಮೊದಲು ಅದು ಹೋಗಬೇಕು. ಮುಖ ನೀರಲ್ಲಿ, ಉಸಿರು ನೀರಲ್ಲೇ ಬಿಡೋದು. ಗಿಡ್ಡ ಕೈಗೂ ಕೆಲಸ ಕೊಡಬೇಕು, ಸುಮ್ನೆ ಬಿಡಬಾರದು. ಬಿಟ್ಟರೆ ಹತ್ತು ವರ್ಷದಲ್ಲಿ ಒಂದು ಹೆಗಲು ಗುಡ್ಡ, ಇನ್ನೊಂದು ಹೆಗಲು ಗದ್ದೆ. ನೋವು ಶುರುವಾಗುತ್ತೆ.

ಇದನ್ನು ಹಾಸನದಲ್ಲೇ ಮಾಡಬಹುದು. 14ರವರೆಗೆ ಇಲ್ಲೇ ಇರಲಿ. ರಜೆಯಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗಿ, ಪ್ಯಾರಾ ಮಕ್ಕಳಿಗೆ ಕಲಿಸಿ ಅಭ್ಯಾಸ ಇರೋ ಕೋಚ್ ಹತ್ತಿರ ತೋರಿಸಿ. ರಾಜ್ಯ ಮಟ್ಟದ ಪ್ಯಾರಾ ಸ್ಪರ್ಧೆ ಒಂದಕ್ಕೆ ಇಳಿಸಿ. ಅಲ್ಲಿ ಅವನ ಥರದ ಮಕ್ಕಳನ್ನು ನೋಡಲಿ. ಆಮೇಲೆ ಅವನೇ ಹೇಳ್ತಾನೆ ಬೇಕೋ ಬೇಡವೋ ಅಂತ. ಬೆಂಗಳೂರು ಏನು ದೂರ, ರೈಲಿದೆ, ಬಸ್ಸಿದೆ.

ಬೇಲೂರಿನವಳು
ಮೇಷ್ಟ್ರೇ, ಕೊಳದೊಳಗೆ ಬಿಟ್ಟರೆ ತಾನೇ ಇದೆಲ್ಲ?

ಹೇಮಾವತಿ ಅಕ್ಕ, ಇನ್ನೊಂದು ಸಲ ಹೋಗಿ. ಈ ಸಲ ಕೈಯಲ್ಲಿ ಅರ್ಜಿ ಹಿಡ್ಕೊಂಡು ಹೋಗಿ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದಿದೆ. 1995ರ ಹಳೇ ಕಾಯ್ದೆಯಲ್ಲಿ 7 ಬಗೆಯ ನ್ಯೂನತೆ ಇತ್ತು, ಈಗ 21. ಅದರಲ್ಲಿ ಕ್ರೀಡೆಯ ಬಗ್ಗೆಯೇ ಒಂದು ಕಲಂ ಇದೆ. ನ್ಯೂನತೆ ಇದೆ ಅನ್ನೋ ಒಂದೇ ಕಾರಣಕ್ಕೆ ಹೊರಗಿಡೋ ಹಾಗಿಲ್ಲ. ‘ಬೇಡ’ ಅಂದರೆ ‘ಬರೆದು ಕೊಡಿ ಸರ್’ ಅನ್ನಿ. ಬರೆದು ಕೊಡಿ ಅಂದಕೂಡಲೇ ಅರ್ಧ ಜನಕ್ಕೆ ಪೆನ್ನು ಸಿಗಲ್ಲ.

ಕಾಫಿ ಕುಡುಕ
ಈ ‘ಬರೆದು ಕೊಡಿ’ ಮಂತ್ರ ನಾನು ತಾಲ್ಲೂಕು ಕಚೇರಿಯಲ್ಲಿ ಪ್ರಯೋಗ ಮಾಡಿದ್ದೇನೆ. ಕೆಲಸ ಮಾಡುತ್ತೆ.

ತೋಟದ ಲೆಕ್ಕ
ಕೊಳದವರ ಪರವಾಗಿಯೂ ಯಾರಾದರೂ ಮಾತಾಡಬೇಕಲ್ಲ. ಅವರೂ ಹೆದರಿರ್ತಾರೆ. ಒಂದು ಮಗು ಮುಳುಗಿದರೆ ಪೊಲೀಸು, ಪೇಪರು, ಎಲ್ಲ ಅವರ ತಲೆಗೆ. ಜಗಳ ಮಾಡೋ ಬದಲು ‘ಒಂದು ಸಲ ಈಜಿ ತೋರಿಸ್ತಾನೆ, ನೋಡಿ ಹೇಳಿ’ ಅಂತ ಕೇಳಿ. ಜನ ಇಲ್ಲದ ಹೊತ್ತಲ್ಲಿ ಹೋಗಿ.

ಊರುಗೋಲು
ತೋಟದವರು ಇವತ್ತು ಮೊದಲ ಸಲ ಹುಡುಗನ ಪರ ಮಾತಾಡಿದರು. ದಾಖಲಾಗಲಿ.

ಮೂಡಿಗೆರೆ ಮಳೆ
ಊಟದ್ದು ಯಾರೂ ಹೇಳಲೇ ಇಲ್ಲವಲ್ಲ. ಮುದ್ದೆ ತಿಂದು ಈಜಿದರೆ ಮುಳುಗಲ್ವಾ? 😄

ಸಕಲೇಶಪುರ ಪ್ಯಾಸೆಂಜರ್
ಮುದ್ದೆ ತಿಂದವನು ತೇಲ್ತಾನೆ, ಅಕ್ಕಿ ರೊಟ್ಟಿ ತಿಂದವನು ಮುಳುಗ್ತಾನೆ. ಇದು ಹಾಸನದ ವಿಜ್ಞಾನ.

ಮೂಡಿಗೆರೆ ಮಳೆ
ಅಕ್ಕಿ ರೊಟ್ಟಿಗೆ ಅನ್ನಬೇಡಿ. ಬೇರೆ ಏನು ಬೇಕಾದರೂ ಅನ್ನಿ.

ನಿವೃತ್ತ ಪಿಟಿ ಮೇಷ್ಟ್ರು
ಈಜಿಗೆ ಎರಡು ಗಂಟೆ ಮುಂಚೆ ಯಾವುದನ್ನೂ ಹೊಟ್ಟೆ ತುಂಬ ತಿನ್ನಬೇಡಿ. ಮುಗೀತು. ಈಜಿದ ಮೇಲೆ ಎರಡು ಮೊಟ್ಟೆ, ಬೇಯಿಸಿದ ಹೆಸರುಕಾಳು, ಹಾಲು. ನಮ್ಮ ಕಡೆ ಕೊರತೆ ಇಲ್ಲದ್ದೇ.

ಹೇಮಾವತಿ ದಂಡೆ
ಮೂರು ವಾರ ಆದಮೇಲೆ ಬರ್ತಿದ್ದೇನೆ, ಕ್ಷಮಿಸಿ. ಅಪ್ಪನಿಗೆ ಜ್ವರ, ಅದು ಇದು.

ಬೇರೊಂದು ಕೊಳಕ್ಕೆ ಹೋದೆವು. ಅರ್ಜಿ ಬ್ಯಾಗಲ್ಲಿತ್ತು, ತೆಗೀಲಿಲ್ಲ. ತೋಟದವರು ಹೇಳಿದ ಹಾಗೆ ಮಧ್ಯಾಹ್ನ ಜನ ಇಲ್ಲದಾಗ ಹೋಗಿ ‘ಒಂದು ಸಲ ನೋಡಿ’ ಅಂದೆ. ಅಲ್ಲಿನ ಮೇಷ್ಟ್ರು ಚಹಾ ಕುಡೀತಿದ್ದರು. ಲೋಟ ಕೆಳಗಿಡದೇ ‘ಇಳೀಲಿ’ ಅಂದರು. ಆ ತುದಿ ಮುಟ್ಟಿ ತಿರುಗಿ ಬರೋ ಹೊತ್ತಿಗೆ ಲೋಟ ಕೆಳಗಿತ್ತು. ‘ತಲೆ ಯಾಕೋ ಅಷ್ಟು ಎತ್ತತೀಯ, ನೀರಲ್ಲಿ ಏನು ಹಾವಿದೆಯಾ?’ ಅಂತ ಬೈದರು. ಹುಡುಗನ ಮುಖ ನೋಡಬೇಕಿತ್ತು. ಕೈ ಬಗ್ಗೆ ಒಂದು ಮಾತೂ ಕೇಳಲಿಲ್ಲ ಅವರು.

ಶನಿವಾರ, ಭಾನುವಾರ ಬರೋಕೆ ಹೇಳಿದ್ದಾರೆ. ಅಣ್ಣ ಇನ್ನೂ ಒಪ್ಪಿಲ್ಲ. ಆದರೆ ಮೊನ್ನೆ ಭಾನುವಾರ ಬಸ್ಸಿಗೆ ಹತ್ತಿಸೋಕೆ ಬಂದವನು ಹಾಸನದವರೆಗೂ ಬಂದ. ಕೊಳದ ಹೊರಗೆ ಬೈಕ್ ಸ್ಟ್ಯಾಂಡ್ ಹತ್ತಿರ ನಿಂತಿದ್ದ, ಒಳಗೆ ಬರಲಿಲ್ಲ. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿದ್ದೇವೆ.

ಲೇನ್ ನಾಲ್ಕು ಅವರೇ, ಹುಡುಗನದ್ದೊಂದು ಪ್ರಶ್ನೆ. ‘ಉದ್ದ ಕೈ ಮುಟ್ಟಿದರೆ ಸಾಕು ಅಂದಮೇಲೆ ಗಿಡ್ಡ ಕೈ ಯಾಕೆ ಚಾಚಬೇಕು?’

ಲೇನ್ ನಾಲ್ಕು
ಚಾಚದೇ ಒಂದೇ ಕೈ ಮುಂದೆ ಹಾಕಿದರೆ ಮೈ ಓರೆಯಾಗಿ ಇನ್ನೂ ನಾಲ್ಕು ಬೆರಳು ಮುಂದೆ ಸಿಗುತ್ತೆ. ಅದು ಮೋಸ. ಪಕ್ಕದ ಲೇನಿನವನಿಗೂ ಒಂದೂವರೆ ಕೈಯೇ ಇರುತ್ತಲ್ಲ, ಅವನು ಸುಮ್ನೆ ಇರ್ತಾನಾ ಅಂತ ಕೇಳಿ.

ಹೇಮಾವತಿ ದಂಡೆ
ಕೇಳಿದೆ. ‘ಪಕ್ಕದ ಲೇನಲ್ಲೂ ನನ್ನ ಥರದವನೇ ಇರ್ತಾನಾ?’ ಅಂತ ಮೂರು ಸಲ ಕೇಳಿದ.

ಊರುಗೋಲು
ಇರ್ತಾನೆ ಅನ್ನಿ. ಅವನ ಸಮಯ ಎಷ್ಟು ಅಂತ ಬರೆಯಿರಿ. 50 ಮೀಟರ್, ಫೋನ್ ಗಡಿಯಾರ ಆದರೂ ಸರಿ.

ಕಾಫಿ ಕುಡುಕ
ಪಾಪ ಅನ್ನದೇ ಕೇಳ್ತಿದ್ದೇನೆ, ನನಗೂ ಸಮಯ ಬೇಕು.

ಸಕಲೇಶಪುರ ಪ್ಯಾಸೆಂಜರ್
ಹೇಮಾವತಿಯವರೇ, ನಿಮ್ಮ ತಂದೆಯವರ ಹತ್ತಿರ ಆ ಬುರುಡೆ ಸೋರೆಯ ಬೀಜ ಇದ್ದರೆ ನಾಲ್ಕು ಬೇಕಿತ್ತು. ಈಗ ಅಂಗಡಿಯಲ್ಲಿ ಉದ್ದ ಸೋರೆ ಬೀಜವೇ ಸಿಗೋದು. ಮಗಳಿಗೆ ಐದು ತುಂಬಿತು.